ಕಾನೂನು ಸಲಹೆ: ಬಾಡಿಗೆ ಬಾಕಿ, ಮನೆ ತೆರವು ಮತ್ತು ಬಾಗಿಲಿಗೆ ಬೀಳುವ ಬೀಗ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಾಡಿಗೆ ವ್ಯಾಜ್ಯಕ್ಕೆ ಸಂಬಂಧಿಸಿದ ಮೂರನ್ನು ಆರಿಸಿಕೊಂಡಿದ್ದೇನೆ. ಒಂದು ಮನೆ ಮಾಲೀಕರಾದ ಹಿರಿಯ ಮಹಿಳೆಯದು, ಇನ್ನೊಂದು ಮನೆಯಿಂದ ಹೊರಬಿದ್ದ ಬಾಡಿಗೆದಾರರದು, ಮೂರನೆಯದು ತಂದೆಯ ಕಾಲದ ಮಳಿಗೆಯೊಂದರದು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ. ಮೊದಲ ಪತ್ರದಲ್ಲಿರುವ ಸಂಕಟ ಬಹಳ ಮನೆಗಳಲ್ಲಿ ಇರುವಂಥದಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 68 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಯಜಮಾನರು ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ನಾನಿದ್ದೇನೆ. ಮಹಡಿಯ ಮನೆಯನ್ನು 2022ರ ಜೂನ್‌ನಿಂದ ಒಂದು ಕುಟುಂಬಕ್ಕೆ ತಿಂಗಳಿಗೆ 12,000 ರೂಪಾಯಿ ಬಾಡಿಗೆಗೆ ಕೊಟ್ಟಿದ್ದೇವೆ. ಮುಂಗಡವಾಗಿ 60,000 ರೂಪಾಯಿ ಪಡೆದಿದ್ದೇವೆ. ಆಗ 11 ತಿಂಗಳ ಕರಾರು ಪತ್ರವನ್ನು ಯಜಮಾನರ ಹೆಸರಿನಲ್ಲಿ ಮಾಡಿಸಲಾಗಿತ್ತು. ಅದನ್ನು ನೋಂದಣಿ ಮಾಡಿಸಿರಲಿಲ್ಲ, ಅವಧಿ ಮುಗಿದ ಮೇಲೆ ಹೊಸದಾಗಿ ಬರೆಸಲೂ ಇಲ್ಲ. ಯಜಮಾನರು ತೀರಿಕೊಂಡ ಮೇಲೆ ಬಾಡಿಗೆ ಏರುಪೇರಾಯಿತು. ಕಳೆದ 14 ತಿಂಗಳುಗಳಲ್ಲಿ ಅವರು ಒಮ್ಮೆ ಮಾತ್ರ 20,000 ರೂಪಾಯಿ ಬ್ಯಾಂಕಿಗೆ ಹಾಕಿದ್ದಾರೆ. ಕೇಳಿದಾಗಲೆಲ್ಲ ‘ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ ಅಮ್ಮಾ’ ಎನ್ನುತ್ತಾರೆ. ಈಚೆಗೆ ‘ಮನೆ ನಿಮ್ಮ ಹೆಸರಿನಲ್ಲಿ ಇಲ್ಲವಲ್ಲ, ನಿಮಗೆ ಯಾಕೆ ಕೊಡಬೇಕು’ ಎಂದೂ ಹೇಳಿದರು. ಪೊಲೀಸ್ ಠಾಣೆಗೆ ಹೋದರೆ ಇದು ಸಿವಿಲ್ ವಿಷಯ ಎಂದು ಕಳುಹಿಸಿದರು. ಅವರು ಊರಿಗೆ ಹೋದಾಗ ಬೀಗ ಹಾಕಿಬಿಡೋಣ, ಇಲ್ಲವೇ ನೀರು ನಿಲ್ಲಿಸೋಣ ಎಂದು ನನ್ನ ಮಗ ಹೇಳುತ್ತಾನೆ. ಅವರ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ, ಆ ಹುಡುಗಿಯನ್ನು ನೋಡಿದರೆ ನನಗೆ ಮನಸ್ಸು ಬರುವುದಿಲ್ಲ. ಆದರೆ ನನ್ನ ಔಷಧಿ, ಮನೆಗಂದಾಯ ಎಲ್ಲವೂ ಆ ಬಾಡಿಗೆಯಿಂದಲೇ ನಡೆಯಬೇಕು. ಏನು ಮಾಡಲಿ?

ಉತ್ತರ: ಮೊಟ್ಟಮೊದಲಿಗೆ ನಿಮ್ಮ ಮಗನನ್ನು ತಡೆಯಿರಿ. ಬಾಡಿಗೆ ಎಷ್ಟೇ ತಿಂಗಳು ಬಾಕಿ ಇದ್ದರೂ ಬಾಡಿಗೆದಾರರು ಇಲ್ಲದ ಹೊತ್ತಿನಲ್ಲಿ ಬೀಗ ಹಾಕುವ, ಸಾಮಾನು ಹೊರಗಿಡುವ, ನೀರು ಅಥವಾ ವಿದ್ಯುತ್ ನಿಲ್ಲಿಸುವ ಅಧಿಕಾರ ನಮ್ಮ ದೇಶದ ಕಾನೂನಿನಲ್ಲಿ ಮಾಲೀಕರಿಗೆ ಇಲ್ಲ. ಹಾಗೆ ಮಾಡಿದ ಮರುದಿನವೇ ಇಡೀ ಪ್ರಕರಣ ತಿರುವುಮುರುವಾಗುತ್ತದೆ. ಈವರೆಗೆ 14 ತಿಂಗಳ ಬಾಕಿಗೆ ಉತ್ತರ ಕೊಡಬೇಕಾಗಿದ್ದವರು ಅವರು. ಬೀಗ ಬಿದ್ದ ಮೇಲೆ ಠಾಣೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಉತ್ತರ ಕೊಡಬೇಕಾದವರು ನೀವು. ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಮಿನ ಪ್ರಕಾರ, ಕಾನೂನಿನ ದಾರಿ ಬಿಟ್ಟು ಹೊರಹಾಕಲ್ಪಟ್ಟ ವ್ಯಕ್ತಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಮತ್ತು ಆ ದಾವೆಯಲ್ಲಿ ‘ಮನೆ ನನ್ನದು’ ಎಂಬ ನಿಮ್ಮ ಮಾತು ಉತ್ತರವಾಗುವುದೇ ಇಲ್ಲ. ಠಾಣೆಯವರು ನಿಮಗೆ ಹೇಳಿದ್ದು ಕಠಿಣವೆನಿಸಿದರೂ ಸರಿಯಾದ ಮಾತು: ಬಾಡಿಗೆದಾರರನ್ನು ತೆರವುಗೊಳಿಸುವ ಅಧಿಕಾರ ಪೊಲೀಸರಿಗೂ ಇಲ್ಲ.

ಇನ್ನು ನಿಮಗೆ ಯಾವ ಕಾನೂನು ಅನ್ವಯವಾಗುತ್ತದೆ ಎಂಬುದು. ಬಾಡಿಗೆ ಎಂದೊಡನೆ ಎಲ್ಲರ ಬಾಯಲ್ಲೂ ‘ರೆಂಟ್ ಕಂಟ್ರೋಲ್’ ಎಂಬ ಮಾತು ಬರುತ್ತದೆ. 1961ರ ಆ ಹಳೆಯ ಕಾಯ್ದೆ ಈಗ ಇಲ್ಲ. ಅದರ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ 1999, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಸ್ಥೂಲವಾಗಿ ಹೇಳುವುದಾದರೆ, ಕಾಯ್ದೆಯ ಮೊದಲ ಅನುಸೂಚಿಯ ‘ಎ’ ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನಿಮ್ಮ ಬಾಡಿಗೆ 12,000. ಆದ್ದರಿಂದ ನಿಮ್ಮ ಪ್ರಕರಣ ಆಸ್ತಿ ವರ್ಗಾವಣೆ ಕಾಯ್ದೆ 1882ರ ಅಡಿಯಲ್ಲಿ, ಸಾಮಾನ್ಯ ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತದೆ. ಇದು ನಿಮಗೆ ಅನುಕೂಲವೇ ಹೌದು, ಏಕೆಂದರೆ ಬಾಡಿಗೆ ಕಾಯ್ದೆಯಲ್ಲಿ ತೆರವಿಗೆ ಇಂಥ ಇಂಥ ಕಾರಣ ಇರಲೇಬೇಕು ಎಂಬ ಕಟ್ಟುಪಾಡುಗಳಿವೆ. ಇಲ್ಲಿ ಬಾಡಿಗೆ ಸಂಬಂಧವನ್ನು ಕ್ರಮಬದ್ಧವಾಗಿ ಕೊನೆಗೊಳಿಸಿದ್ದೀರಿ ಎಂಬುದನ್ನು ತೋರಿಸಿದರೆ ಸಾಕಾಗುತ್ತದೆ.

ಕರಾರು ನೋಂದಣಿಯಾಗಿಲ್ಲ ಎಂದು ನೀವು ಹೆದರಿದ್ದೀರಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅದರಿಂದ ತಪ್ಪಿಸಿಕೊಳ್ಳಲೆಂದೇ ನಮ್ಮಲ್ಲಿ 11 ತಿಂಗಳ ಕರಾರು ರೂಢಿಗೆ ಬಂದಿದೆ. ಅವಧಿ 2023ರ ಏಪ್ರಿಲ್‌ಗೆ ಮುಗಿದ ಮೇಲೂ ಅವರು ಮನೆಯಲ್ಲಿ ಮುಂದುವರಿದು, ನೀವು ಬಾಡಿಗೆ ಪಡೆಯುತ್ತಾ ಬಂದದ್ದರಿಂದ, 116ನೇ ಕಲಮಿನಂತೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಯಿತು. ಹಳೆಯ ಕರಾರು ಪತ್ರವನ್ನು ಬಿಸಾಡಬೇಡಿ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಮನೆಗೆ ಅವರು ಬಂದದ್ದು ಯಾವ ಹಕ್ಕಿನಲ್ಲಿ ಎಂಬುದಕ್ಕೆ ಅದೇ ಆಧಾರ. ಛಾಪಾ ಶುಲ್ಕ ಕಡಿಮೆ ಕಟ್ಟಿದ್ದರೆ ಕೊರತೆಯನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿಸಿಕೊಂಡ ಮೇಲೆಯೇ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುತ್ತದೆ, ಆದ್ದರಿಂದ ಆ ಕಾಗದವನ್ನು ಮೊದಲೇ ವಕೀಲರಿಗೆ ತೋರಿಸಿ.

‘ಮನೆ ನಿಮ್ಮ ಹೆಸರಿನಲ್ಲಿ ಇಲ್ಲ’ ಎಂಬ ಅವರ ಮಾತು ಕೇಳಿ ನನಗೆ ನಿಜವಾಗಿಯೂ ಬೇಸರವಾಯಿತು. ಯಜಮಾನರಿಂದ ಕೀಲಿ ಪಡೆದು ಒಳಗೆ ಬಂದವರು, ಆ ಬಾಡಿಗೆ ಮುಗಿದು ಮನೆ ಬಿಡುವವರೆಗೆ, ಯಜಮಾನರಿಗೆ ಮನೆಯ ಮೇಲೆ ಹಕ್ಕಿರಲಿಲ್ಲ ಎಂದು ವಾದಿಸಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಯಜಮಾನರು ತೀರಿಕೊಂಡಾಗ ಮಾಲೀಕತ್ವ ವಾರಸುದಾರರಾದ ನಿಮಗೂ ಮಕ್ಕಳಿಗೂ ಬಂದಿದೆ, ಮತ್ತು ಸಹಮಾಲೀಕರಲ್ಲಿ ಒಬ್ಬರು ಬಾಡಿಗೆದಾರರ ವಿರುದ್ಧ ತೆರವಿನ ದಾವೆ ಹೂಡುವುದಕ್ಕೆ ಅಡ್ಡಿಯಿಲ್ಲ. ಆದರೂ ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ, ನಗರಪಾಲಿಕೆಯಲ್ಲಿ ಖಾತೆ ಬದಲಾವಣೆಗೆ ಈಗಲೇ ಅರ್ಜಿ ಕೊಡಿ; ನೋಟಿಸನ್ನು ನೀವು ಮತ್ತು ಮಕ್ಕಳೆಲ್ಲರ ಪರವಾಗಿ ಕೊಡಿಸಿ. ಇಷ್ಟು ಮಾಡಿದರೆ ಆ ತಕರಾರಿಗೆ ನ್ಯಾಯಾಲಯದಲ್ಲಿ ಒಂದು ದಿನವೂ ವ್ಯರ್ಥವಾಗುವುದಿಲ್ಲ.

ನಿಮ್ಮ ಪತ್ರದ ಜೊತೆ ಯಜಮಾನರ ಬಾಡಿಗೆ ಪುಸ್ತಕದ ಎರಡು ಪುಟಗಳ ಜೆರಾಕ್ಸ್ ಕಳುಹಿಸಿದ್ದೀರಿ. ಪೆನ್ಸಿಲಿನಲ್ಲಿ ತಿಂಗಳು, ದಿನಾಂಕ, ಮೊತ್ತ, ಪಕ್ಕದಲ್ಲಿ ಬಾಡಿಗೆದಾರರ ಚಿಕ್ಕ ಸಹಿ, ಒಂದು ಕಡೆ ‘2,000 ಕಡಿಮೆ, ಹಬ್ಬದ ನಂತರ ಕೊಡುತ್ತಾರೆ’ ಎಂಬ ಟಿಪ್ಪಣಿ. ಇಷ್ಟು ಅಚ್ಚುಕಟ್ಟಾದ ದಾಖಲೆ ವಕೀಲರ ಕೈಗೆ ಸಿಗುವುದು ಅಪರೂಪ. ಅವರು ಹೋದ ಮೇಲೆ ಆ ಪುಟಗಳು ಖಾಲಿ ಉಳಿದಿವೆ. ಖಾಲಿ ಜಾಗದಲ್ಲಿ ಈಗ ನೆನಪಿನಿಂದ ಏನನ್ನೂ ತುಂಬಿಸಬೇಡಿ, ಸಹಿಗಳಿರುವ ಮೂಲ ಪುಸ್ತಕವನ್ನು ಹಾಗೆಯೇ ಇಟ್ಟುಕೊಳ್ಳಿ. ನಂತರದ ಅವಧಿಗೆ ನಿಮ್ಮ ಬ್ಯಾಂಕ್ ಪಾಸ್‌ಬುಕ್ಕೇ ಲೆಕ್ಕ ಹೇಳುತ್ತದೆ. 14 ತಿಂಗಳಿಗೆ ತಲಾ 12,000ದಂತೆ 1,68,000 ರೂಪಾಯಿ. ಬಂದ 20,000 ಕಳೆದರೆ ಬಾಕಿ 1,48,000 ರೂಪಾಯಿ. ಮುಂಗಡದ 60,000 ಪೂರ್ತಿ ಹಿಡಿದುಕೊಂಡರೂ ಇನ್ನೂ 88,000 ರೂಪಾಯಿ ಅವರೇ ಕೊಡಬೇಕಾಗುತ್ತದೆ. ಅಂದರೆ ‘ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ’ ಎಂಬ ಮಾತನ್ನು ಒಪ್ಪಿಕೊಂಡರೂ ಅದು ಎಂದೋ ತೀರಿಹೋಗಿದೆ. ಮುಂಗಡವೆನ್ನುವುದು ಮನೆ ಬಿಡುವಾಗ ಲೆಕ್ಕ ಮಾಡಿ ಹಿಂದಿರುಗಿಸುವ ಭದ್ರತಾ ಹಣ. ಪ್ರತಿ ತಿಂಗಳ ಬಾಡಿಗೆಗೆ ಅದನ್ನು ಹಿಡಿದುಕೊಳ್ಳುವಂತೆ ಬಾಡಿಗೆದಾರರು ಕೇಳಬಹುದೇ ಎಂಬುದು ನಿಮ್ಮ ಕರಾರಿನ ಮಾತುಗಳನ್ನು ಅವಲಂಬಿಸಿದೆ. ಕರಾರಿನಲ್ಲಿ ‘ಬಡ್ಡಿರಹಿತ ಮುಂಗಡ, ಮನೆ ಖಾಲಿ ಮಾಡುವಾಗ ಹಿಂದಿರುಗಿಸತಕ್ಕದ್ದು’ ಎಂದಿದ್ದರೆ ಅದನ್ನೇ ನೋಟಿಸಿನಲ್ಲಿ ಎತ್ತಿ ಬರೆಯಿಸಿ.

ಈಗ ನೋಟಿಸಿನ ವಿಷಯ. ಇದರಲ್ಲಿ ಎಡವಿದರೆ ಮುಂದಿನದೆಲ್ಲ ಎಡವುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ಲಿಖಿತ ನೋಟಿಸ್ ಬೇಕು, ಅದಕ್ಕೆ ನೀವು ಅಥವಾ ನಿಮ್ಮ ಪರವಾಗಿ ವಕೀಲರು ಸಹಿ ಮಾಡಿರಬೇಕು. ಹಿಂದೆ ಆ 15 ದಿನ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕೆಂಬ ಕಟ್ಟುನಿಟ್ಟಿತ್ತು. ಒಂದು ದಿನ ಹೆಚ್ಚುಕಡಿಮೆಯಾದರೂ ವರ್ಷಗಟ್ಟಲೆ ನಡೆದ ದಾವೆಗಳು ವಜಾ ಆಗುತ್ತಿದ್ದವು. 2002ರ ಕೊನೆಯಲ್ಲಿ ತಂದ ತಿದ್ದುಪಡಿಯ ನಂತರ ಅವಧಿಯನ್ನು ನೋಟಿಸ್ ತಲುಪಿದ ದಿನದಿಂದ ಎಣಿಸಲಾಗುತ್ತದೆ, ಮತ್ತು ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾಗಿದ್ದರೂ ದಾವೆಯನ್ನು 15 ದಿನ ಕಳೆದ ಮೇಲೆ ಹೂಡಿದ್ದರೆ ನೋಟಿಸ್ ಕೆಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ‘ಬಾಕಿ ಕೊಡಿ, ಇಲ್ಲದಿದ್ದರೆ ಮನೆ ಬಿಡಿ’ ಎಂಬ ಧಾಟಿಯ ನೋಟಿಸ್ ಬರೆಯಿಸಬೇಡಿ. ಹಾಗೆ ಬರೆದಾಗ ಬಾಡಿಗೆ ಮುಗಿಯಿತೋ ಇಲ್ಲವೋ ಎಂಬುದೇ ಒಂದು ವಾದದ ವಿಷಯವಾಗುತ್ತದೆ, ಬಾಡಿಗೆದಾರರು ಅರ್ಧ ಬಾಕಿ ಕೊಟ್ಟು ಇನ್ನಷ್ಟು ಕಾಲ ಕುಳಿತುಕೊಳ್ಳುತ್ತಾರೆ. ಬಾಡಿಗೆ ಸಂಬಂಧವನ್ನು ಈ ನೋಟಿಸಿನ ಮೂಲಕ ಕೊನೆಗೊಳಿಸಲಾಗಿದೆ, 15 ದಿನ ಮುಗಿದ ಮೇಲೆ ಖಾಲಿ ಸ್ವಾಧೀನ ಕೊಡಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ನಿಚ್ಚಳವಾಗಿ ಹೇಳಿ, ಬಾಕಿ 1,48,000 ರೂಪಾಯಿಯ ಬೇಡಿಕೆಯನ್ನು ಅದರಿಂದ ಬೇರೆಯಾದ ಇನ್ನೊಂದು ವಾಕ್ಯದಲ್ಲಿ ಇಡಬೇಕು. ಇದಕ್ಕೆ ಇನ್ನೂ ಒಂದು ಕಾರಣವಿದೆ: ಬಾಡಿಗೆ ಕೊಡದ್ದಕ್ಕಾಗಿ ಕರಾರಿನ ಷರತ್ತಿನಂತೆ ಗುತ್ತಿಗೆಯನ್ನು ಮುಟ್ಟುಗೋಲು ಮಾಡಿದರೆ, 114ನೇ ಕಲಮಿನ ಪ್ರಕಾರ ಬಾಡಿಗೆದಾರರು ವಿಚಾರಣೆಯ ವೇಳೆ ಬಾಕಿ, ಬಡ್ಡಿ, ಖರ್ಚು ಎಲ್ಲವನ್ನೂ ಕಟ್ಟಿ ಮನೆಯಲ್ಲಿಯೇ ಉಳಿಯಲು ನ್ಯಾಯಾಲಯದ ಅನುಮತಿ ಕೇಳಬಹುದು. 106ನೇ ಕಲಮಿನ ನೇರ ನೋಟಿಸಿನಿಂದ ಮುಗಿದ ಬಾಡಿಗೆಗೆ ಆ ಪರಿಹಾರ ಸಿಗುವುದಿಲ್ಲ.

ನೋಟಿಸನ್ನು ಅಂಚೆಯಲ್ಲಿ ಸ್ವೀಕೃತಿಯೊಡನೆ ಕಳುಹಿಸಿ. ಹಳೆಯ ನೋಂದಾಯಿತ ಅಂಚೆ ಸೇವೆಯನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ಸೇರಿಸಿರುವುದರಿಂದ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ವಿಳಾಸದಾರರಿಗೇ ತಲುಪಿಸುವ ಮತ್ತು ಸ್ವೀಕೃತಿಯ ಸೌಲಭ್ಯವನ್ನು ಸೇರಿಸಿಕೊಳ್ಳಿ. ರಶೀದಿ, ಆನ್‌ಲೈನ್ ಟ್ರ್ಯಾಕಿಂಗ್ ಪುಟದ ಮುದ್ರಿತ ಪ್ರತಿ, ‘ನಿರಾಕರಿಸಿದ್ದಾರೆ’ ಎಂಬ ಷರಾ ಬರೆದು ಹಿಂದಿರುಗಿದ ಲಕೋಟೆ, ಇವು ಮೂರೂ ದಾಖಲೆಗಳೇ. ಹಿಂದಿರುಗಿದ ಲಕೋಟೆಯನ್ನು ಕುತೂಹಲಕ್ಕೆ ಒಡೆಯಬೇಡಿ. ಅದನ್ನು ಮುಚ್ಚಿದ ಸ್ಥಿತಿಯಲ್ಲಿಯೇ ನ್ಯಾಯಾಲಯದ ಮುಂದಿಡಬೇಕು. ಅಂಚೆಯಲ್ಲಿ ಆಗದಿದ್ದರೆ ಕುಟುಂಬದ ಸದಸ್ಯರ ಕೈಗೆ ಕೊಡುವುದಕ್ಕೂ, ಅದೂ ಸಾಧ್ಯವಾಗದಿದ್ದರೆ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸುವುದಕ್ಕೂ 106ನೇ ಕಲಮಿನಲ್ಲಿಯೇ ಅವಕಾಶವಿದೆ. ನೋಟಿಸಿನ ನಂತರ ಅವರು ಹಣ ಹಾಕಿದರೆ ತೆಗೆದುಕೊಳ್ಳಬಹುದೇ ಎಂಬ ಅನುಮಾನ ಬರುತ್ತದೆ. ನೋಟಿಸಿನ ನಂತರ ಬಾಡಿಗೆ ಪಡೆದ ಮಾತ್ರಕ್ಕೆ ನೋಟಿಸನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಾಗಿದ್ದರೂ ‘ಬಾಕಿಯ ಬಾಬ್ತು, ನೋಟಿಸಿಗೆ ಬಾಧಕವಿಲ್ಲದಂತೆ ಸ್ವೀಕರಿಸಲಾಗಿದೆ’ ಎಂದು ಅದೇ ದಿನ ಒಂದು ಸಂದೇಶ ಕಳುಹಿಸಿಡಿ.

ದಾವೆಯ ಖರ್ಚಿನ ಬಗ್ಗೆ ಅನಗತ್ಯ ಭಯ ಬೇಡ. ಮನೆಯ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕೆಂದು ಹಲವರು ತಿಳಿದಿದ್ದಾರೆ. ಬಾಡಿಗೆದಾರರಿಂದ ಸ್ವಾಧೀನ ಕೇಳುವ ದಾವೆಗೆ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ 1958ರ 41ನೇ ಕಲಮಿನಂತೆ ಹಿಂದಿನ ಒಂದು ವರ್ಷದ ಬಾಡಿಗೆಯೇ ಲೆಕ್ಕಕ್ಕೆ ಆಧಾರ. ನಿಮ್ಮ ವಿಷಯದಲ್ಲಿ ಅದು 1,44,000 ರೂಪಾಯಿ. ಬಾಕಿ ಹಣಕ್ಕೆ ಬೇರೆ ಶುಲ್ಕವಿದೆ. ಮಹಿಳೆಯಾದ ನಿಮಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನಂತೆ ಉಚಿತ ಕಾನೂನು ನೆರವಿನ ಹಕ್ಕಿದೆ. ಮೈಸೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಬಾಡಿಗೆ ಮುಗಿದ ದಿನದಿಂದ ಮನೆ ಬಿಡುವವರೆಗೆ ಅವರು ಇರುವುದು ಅನಧಿಕೃತ ವಾಸವಾದ್ದರಿಂದ, ಹಳೆಯ 12,000ದ ಬದಲು ಈಗಿನ ದರದಲ್ಲಿ ನಷ್ಟಭರ್ತಿ ಕೇಳಿ. ಅಕ್ಕಪಕ್ಕದ ಅಂಥದೇ ಮನೆಗಳ ಎರಡು ಮೂರು ಕರಾರುಗಳ ಪ್ರತಿ ಸಿಕ್ಕರೆ ಅದಕ್ಕೆ ಬಲ ಬರುತ್ತದೆ. ಮೇಲ್ಮನವಿ ಹಾಕಿ ತಡೆಯಾಜ್ಞೆ ಪಡೆದು ಹಳೆಯ ಬಾಡಿಗೆಯಲ್ಲೇ ವರ್ಷಗಟ್ಟಲೆ ಕೂರುವ ಪದ್ಧತಿಗೆ ಸುಪ್ರೀಂ ಕೋರ್ಟ್ 2004ರ ಆತ್ಮಾ ರಾಮ್ ಪ್ರಾಪರ್ಟೀಸ್ ತೀರ್ಪಿನಲ್ಲಿ ಕಡಿವಾಣ ಹಾಕಿದೆ: ತಡೆಯಾಜ್ಞೆ ಕೊಡುವಾಗ ಮಾರುಕಟ್ಟೆ ದರದಲ್ಲಿ ಹಣ ಕಟ್ಟುವ ಷರತ್ತು ಹಾಕಬಹುದು ಎಂದು ಅದು ಹೇಳುತ್ತದೆ. ತೀರ್ಪು ಬಂದ ಮೇಲೂ ಮನೆ ಬಿಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಆಗ ನ್ಯಾಯಾಲಯದ ಅಮೀನರು ಬಂದು, ಬೇಕಾದರೆ ಪೊಲೀಸ್ ರಕ್ಷಣೆಯಲ್ಲಿ, ಸ್ವಾಧೀನ ಕೊಡಿಸುತ್ತಾರೆ. ಅಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ಇತ್ಯರ್ಥಪಡಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ, ಬೆಂಗಳೂರಿನ ಆಸ್ತಿಯೊಂದರ ಪ್ರಕರಣದಲ್ಲಿ, ನಿರ್ದೇಶಿಸಿದೆ. ನೆಲದ ಮೇಲೆ ಹಾಗೆ ಆಗುವುದು ಕಷ್ಟವೆಂಬುದನ್ನೂ ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಕೊನೆಗೆ ಆ ಹುಡುಗಿಯ ಪರೀಕ್ಷೆ. ನಿಮ್ಮ ಮನಸ್ಸು ಹಾಗೆ ಮಿಡಿಯುವುದು ದೌರ್ಬಲ್ಯವೆಂದು ನಾನು ಎಣಿಸುವುದಿಲ್ಲ, ಮತ್ತು ಅದಕ್ಕೂ ಕಾನೂನಿನಲ್ಲಿ ಜಾಗವಿದೆ. ನೋಟಿಸ್ ತಲುಪಿದ ಮೇಲೆ ಅವರು ಮಾತುಕತೆಗೆ ಬಂದರೆ, ಪರೀಕ್ಷೆ ಮುಗಿಯುವ ಒಂದು ನಿರ್ದಿಷ್ಟ ದಿನಾಂಕದವರೆಗೆ ಸಮಯ ಕೊಡಿ. ಬಾಕಿಯಲ್ಲಿ ಒಂದಿಷ್ಟು ಬಿಟ್ಟರೂ ಸರಿ. ಆದರೆ ಆ ಒಪ್ಪಂದವನ್ನು ಛಾಪಾ ಕಾಗದದ ಮೇಲೆ ಬರೆಸಿ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ದಾವೆ ಹೂಡುವ ಮೊದಲೇ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನ ಮುಂದೆ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಮಾತಿಗೆ ತಪ್ಪಿದರೆ ಹೊಸ ದಾವೆಯ ಗೋಜಿಲ್ಲದೆ ನೇರವಾಗಿ ಅಮಲ್ಜಾರಿಗೆ ಹೋಗಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ 18,000 ರೂಪಾಯಿ ಬಾಡಿಗೆಯ ಮನೆಯಲ್ಲಿ ನಾಲ್ಕು ವರ್ಷದಿಂದ ಇದ್ದೇವೆ. ಮುಂಗಡವಾಗಿ 1,50,000 ರೂಪಾಯಿ ಕೊಟ್ಟಿದ್ದೇನೆ. ಕೆಲಸ ಹೋದ ಕಾರಣ ಮೂರು ತಿಂಗಳು ಬಾಡಿಗೆ ಕೊಡಲಾಗಲಿಲ್ಲ. ಓನರ್ ಮೊದಲು ನೀರಿನ ಮೋಟಾರ್ ಆಫ್ ಮಾಡಿಸಿದರು. ಕಳೆದ ವಾರ ತಂದೆಯವರ ತಿಥಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಬೀಗದ ಮೇಲೆ ಅವರ ಬೀಗ ಬಿದ್ದಿತ್ತು. ಮಕ್ಕಳ ಪುಸ್ತಕ, ಬಟ್ಟೆ, ನನ್ನ ಪ್ರಮಾಣಪತ್ರಗಳೆಲ್ಲ ಒಳಗಿವೆ. ಈಗ ಅಕ್ಕನ ಮನೆಯಲ್ಲಿದ್ದೇವೆ. ಮುಂಗಡದಲ್ಲಿ ಬಾಡಿಗೆಯೂ ಕಳೆದು, ಪೇಂಟಿಂಗ್‌ಗೆಂದು ಎರಡು ತಿಂಗಳ ಬಾಡಿಗೆಯನ್ನೂ ಹಿಡಿಯುತ್ತೇನೆ ಎನ್ನುತ್ತಿದ್ದಾರೆ. ಬಾಡಿಗೆ ಬಾಕಿ ಇರುವ ನನಗೆ ಕೇಳುವ ಹಕ್ಕಿದೆಯೇ?

ಉತ್ತರ: ಇದೆ. ಬಾಕಿ ಇರುವುದು ಹಣದ ಋಣ. ಅದು ನಿಮ್ಮ ಸ್ವಾಧೀನದ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಮೊದಲ ಪತ್ರದ ಉತ್ತರದಲ್ಲಿ ಮಾಲೀಕರಿಗೆ ಮಾಡಬೇಡಿ ಎಂದು ಹೇಳಿದ್ದನ್ನೇ ನಿಮ್ಮ ಓನರ್ ಮಾಡಿದ್ದಾರೆ, ಆದ್ದರಿಂದ ಅಲ್ಲಿ ಹೇಳಿದ 6ನೇ ಕಲಮು ಇಲ್ಲಿ ನಿಮ್ಮ ಕೈಗೆ ಬರುತ್ತದೆ. ಬೀಗ ಬಿದ್ದ ದಿನದಿಂದ ಆರು ತಿಂಗಳು ಮಾತ್ರ ಅದಕ್ಕೆ ಅವಕಾಶ, ಮತ್ತು ಆ ಆರು ತಿಂಗಳು ಮಾತುಕತೆಯಲ್ಲಿ ಕಳೆದುಹೋಗುವುದನ್ನು ನೋಡಿದ್ದೇನೆ. ದಯವಿಟ್ಟು ಒಂದು ವಾರದೊಳಗೆ ವಕೀಲರನ್ನು ಕಾಣಿ. ದಾವೆಯ ಜೊತೆಗೆ ಬೀಗ ತೆಗೆಸುವಂತೆ ಮಧ್ಯಂತರ ಆದೇಶವನ್ನೂ ಕೇಳಬಹುದು.

ಠಾಣೆಗೆ ಕೊಡುವ ದೂರಿನಲ್ಲಿ ಬಾಡಿಗೆ ವಿವಾದವನ್ನು ಬರೆದರೆ ಅವರೂ ಸಿವಿಲ್ ವಿಷಯ ಎಂದೇ ಹೇಳುತ್ತಾರೆ. ನಿಮ್ಮ ಸ್ವಾಧೀನದಲ್ಲಿರುವ ಮನೆಗೆ ನಿಮ್ಮನ್ನು ಹೋಗದಂತೆ ತಡೆದಿರುವುದು, ನಿಮ್ಮ ಸಾಮಾನು ಮತ್ತು ದಾಖಲೆಗಳನ್ನು ಒಳಗೆ ಕೂಡಿಹಾಕಿರುವುದು ಭಾರತೀಯ ನ್ಯಾಯ ಸಂಹಿತೆಯಂತೆ ಅಪರಾಧದ ಸ್ವರೂಪದ್ದು. ಆದ್ದರಿಂದ ಆ ಸಂಗತಿಯನ್ನು ಮಾತ್ರ, ದಿನಾಂಕ ಮತ್ತು ಎರಡು ಬೀಗಗಳ ಫೋಟೋ ಸಹಿತ ಬರೆದು, ದೂರಿಗೆ ಸ್ವೀಕೃತಿ ಪಡೆಯಿರಿ. ಬಾಗಿಲು ತೆರೆದಾಗ ಒಳಗಿರುವ ಸಾಮಾನಿನ ಪಟ್ಟಿಯನ್ನು ಇಬ್ಬರು ಪಂಚರ ಮುಂದೆ ಮಾಡಿಸಿಕೊಳ್ಳಿ. ನಿಮ್ಮ ಹೆಸರಿಗೆ ಬಂದ ಅಡುಗೆ ಅನಿಲದ ಬಿಲ್ಲು, ಮಕ್ಕಳ ಶಾಲೆಯಲ್ಲಿರುವ ವಿಳಾಸ, ಪ್ರತಿ ತಿಂಗಳೂ ಬಾಡಿಗೆ ಹಾಕಿದ ಯುಪಿಐ ವಿವರ, ಇವೆಲ್ಲ ನೀವು ಅಲ್ಲಿ ವಾಸವಿದ್ದಿರಿ ಎಂಬುದಕ್ಕೆ ಸಾಕ್ಷಿ.

ಇನ್ನು ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಮೂರು ತಿಂಗಳ 54,000 ರೂಪಾಯಿ ನೀವು ಕೊಡಬೇಕಾದದ್ದೇ. ಕೆಲಸ ಹೋದ ತಿಂಗಳೇ ‘ಇಂಥ ಕಾರಣಕ್ಕೆ ಬಾಡಿಗೆ ತಡವಾಗುತ್ತದೆ, ಇಂಥ ದಿನಾಂಕದೊಳಗೆ ಕೊಡುತ್ತೇನೆ’ ಎಂದು ಒಂದು ಸಂದೇಶವನ್ನು ಲಿಖಿತವಾಗಿ ಕಳುಹಿಸಿದ್ದರೆ ಇಂದು ನಿಮ್ಮ ಕೈ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು. ಈಗಲೂ ತಡವಾಗಿಲ್ಲ. ಸಾಧ್ಯವಾದಷ್ಟು ಹಣವನ್ನು ಅವರ ಖಾತೆಗೇ ಹಾಕಿ, ಯಾವ ತಿಂಗಳ ಬಾಡಿಗೆ ಎಂಬುದನ್ನು ಷರಾದಲ್ಲಿ ಬರೆಯಿರಿ. ಅವರು ಹಿಂದಿರುಗಿಸಿದರೆ ಆ ಹಿಂದಿರುಗಿಸಿದ ದಾಖಲೆಯೇ ನಿಮ್ಮ ಪ್ರಾಮಾಣಿಕತೆಯನ್ನು ಹೇಳುತ್ತದೆ.

ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ರೂಢಿಯಾಗಿದೆ. ಅದು ಕಾನೂನಿನಲ್ಲಿ ಎಲ್ಲೂ ಇಲ್ಲ, ನೀವು ಸಹಿ ಮಾಡಿದ ಕರಾರಿನಲ್ಲಿ ಇದ್ದರೆ ಮಾತ್ರ ಉಂಟು. ಕರಾರಿನಲ್ಲಿ ಒಂದು ತಿಂಗಳು ಎಂದಿದ್ದರೆ ಎರಡು ತಿಂಗಳು ಹಿಡಿಯುವಂತಿಲ್ಲ. ವಾಸದಿಂದ ಸಹಜವಾಗಿ ಆಗುವ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ ಎಂಬುದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿಯೇ ಇದೆ. ಎರಡು ತಿಂಗಳ ಮುಂಗಡವಷ್ಟೇ ಪಡೆಯಬೇಕೆಂಬ ನಿಯಮದ ಬಗ್ಗೆ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿರುವ ಅಂಶ. ರಾಜ್ಯ ತನ್ನದೇ ಕಾನೂನು ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ, ಹಾಗಾಗಿ ಅದರ ಆಧಾರದ ಮೇಲೆ ಇಲ್ಲಿ ವಾದಿಸಲು ಹೋಗಬೇಡಿ. ನೀವು ಮನೆಯನ್ನೇ ಬಿಡಲು ನಿರ್ಧರಿಸಿದರೆ, 1,50,000ದಲ್ಲಿ 54,000 ಕಳೆದು ಉಳಿಯುವ 96,000 ರೂಪಾಯಿಯಿಂದ ಕರಾರಿನಂತೆ ಪೇಂಟಿಂಗ್ ಹಣವನ್ನಷ್ಟೇ ಹಿಡಿದು ಉಳಿದದ್ದನ್ನು ಕೊಡುವಂತೆ ವಕೀಲರಿಂದ ನೋಟಿಸ್ ಕಳುಹಿಸಿ, ಮತ್ತು ಕೀಲಿ ಒಪ್ಪಿಸುವ ದಿನವೇ ಹಣ ಕೈಸೇರಬೇಕೆಂದು ಬರೆಯಿಸಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರು ಮೂವತ್ತು ವರ್ಷದ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ಒಂದು ಮಳಿಗೆಯನ್ನು ಬಾಯಿಮಾತಿನ ಮೇಲೆ ಕಿರಾಣಿ ಅಂಗಡಿಗೆ ಕೊಟ್ಟಿದ್ದರು. ಬಾಡಿಗೆ 1,800 ರೂಪಾಯಿ. ಏಳು ವರ್ಷದಿಂದ ಬಾಡಿಗೆ ಬಂದಿಲ್ಲ. ಹನ್ನೆರಡು ವರ್ಷ ಕಳೆದರೆ ಅಂಗಡಿ ಅವರದೇ ಆಗಿಬಿಡುತ್ತದೆ ಎಂದು ಓಣಿಯ ಹಿರಿಯರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ನಿಮ್ಮ ತಂದೆಯವರ ಅನುಮತಿಯಿಂದ ಬಾಡಿಗೆದಾರರಾಗಿ ಒಳಗೆ ಬಂದವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಹನ್ನೆರಡು ವರ್ಷದ ಮಾತು ಬರುವುದು ಕಾಲಮಿತಿ ಕಾಯ್ದೆ 1963ರ 67ನೇ ವಿಧಿಯಲ್ಲಿ. ಅಲ್ಲಿ ಆ ಅವಧಿ ಆರಂಭವಾಗುವುದು ಬಾಡಿಗೆ ಸಂಬಂಧ ಮುಗಿದ ದಿನದಿಂದ. ನೀವು ಇನ್ನೂ ಅದನ್ನು ಮುಗಿಸಿಯೇ ಇಲ್ಲ. ಆದರೆ ನಿಮಗೆ ನಷ್ಟವಾಗುತ್ತಿರುವುದು ಬೇರೆ ಕಡೆ: ಬಾಡಿಗೆ ಬಾಕಿಯ ವಸೂಲಿಗೆ 52ನೇ ವಿಧಿಯಂತೆ ಮೂರೇ ವರ್ಷ. ಏಳು ವರ್ಷದ ಬಾಕಿಯಲ್ಲಿ ಮೊದಲ ನಾಲ್ಕು ವರ್ಷದ್ದು ಈಗಾಗಲೇ ಕೈತಪ್ಪಿದೆ, ಮತ್ತು ನೀವು ಸುಮ್ಮನಿರುವ ಪ್ರತಿ ತಿಂಗಳೂ ಇನ್ನೊಂದು ತಿಂಗಳ 1,800 ರೂಪಾಯಿ ಹೀಗೆಯೇ ಹೋಗುತ್ತದೆ. ಉಳಿದಿರುವ 36 ತಿಂಗಳಿಗೆ 64,800 ರೂಪಾಯಿ ಕೇಳಬಹುದು.

ನಿಮ್ಮ ಪ್ರಕರಣ ಮೈಸೂರಿನ ಓದುಗರ ಪ್ರಕರಣದಂತೆ ಅಲ್ಲ ಎಂಬುದನ್ನು ಗಮನಿಸಿ. 10 ಅಡಿಗೆ 12 ಅಡಿ ಎಂದರೆ 120 ಚದರಡಿ, ಸುಮಾರು 11 ಚದರ ಮೀಟರ್. ವಾಸಕ್ಕಲ್ಲದ ಕಟ್ಟಡಗಳಲ್ಲಿ ತಳ ವಿಸ್ತೀರ್ಣ 14 ಚದರ ಮೀಟರ್ ಮೀರದವುಗಳಿಗೆ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುತ್ತದೆ, ಬಾಡಿಗೆಯೂ ಅದರ ಮಿತಿಯೊಳಗಿದೆ. ಆದ್ದರಿಂದ 106ನೇ ಕಲಮಿನ 15 ದಿನದ ನೋಟಿಸ್ ಕೊಟ್ಟು ಸಾಮಾನ್ಯ ದಾವೆ ಹೂಡಿದರೆ ಅದು ಊರ್ಜಿತವಾಗುವುದಿಲ್ಲ. ಆ ಕಾಯ್ದೆಯ 27ನೇ ಕಲಮಿನಂತೆ ಬಾಕಿ ಬಾಡಿಗೆಯ ಬೇಡಿಕೆ ನೋಟಿಸ್ ಕೊಡಬೇಕು. ಅದು ತಲುಪಿದ ಎರಡು ತಿಂಗಳೊಳಗೆ ಅಂಗಡಿಯವರು ಬರಬೇಕಾದ ಬಾಕಿಯನ್ನು ಪೂರ್ತಿ ಕೊಡದಿದ್ದರೆ ಅಥವಾ ಕೊಡಲು ಮುಂದಾಗದಿದ್ದರೆ ಆಗ ತೆರವಿನ ಅರ್ಜಿ ಹಾಕಬಹುದು. ಎರಡು ತಿಂಗಳಲ್ಲಿ ಪೂರ್ತಿ ಕೊಟ್ಟುಬಿಟ್ಟರೆ ಬಾಕಿಯ ಕಾರಣಕ್ಕೆ ಅವರನ್ನು ಬಿಡಿಸಲಾಗದು. ಅಂಗಡಿ ನಿಮ್ಮ ಸ್ವಂತ ಉಪಯೋಗಕ್ಕೆ ನಿಜವಾಗಿಯೂ ಬೇಕಿದ್ದರೆ ಅದು ಅದೇ ಕಲಮಿನ ಅಡಿಯಲ್ಲಿ ಬೇರೆಯದೇ ಆದ ಕಾರಣ, ಅದನ್ನೂ ಅದೇ ಅರ್ಜಿಯಲ್ಲಿ ಸೇರಿಸಿಕೊಳ್ಳಬಹುದು.

ಬಾಯಿಮಾತಿನ ಬಾಡಿಗೆಯಾದ್ದರಿಂದ ಸಂಬಂಧವನ್ನೇ ಅಲ್ಲಗಳೆಯುವ ಸಾಧ್ಯತೆ ಇದೆ. ಅಂಗಡಿಯವರು ವ್ಯಾಪಾರ ಪರವಾನಗಿಗೆ ಮಹಾನಗರ ಪಾಲಿಕೆಗೆ ಕೊಟ್ಟ ಅರ್ಜಿಯಲ್ಲಿ ಕಟ್ಟಡದ ಮಾಲೀಕರು ಯಾರೆಂದು ಬರೆದಿದ್ದಾರೆ, ಜೊತೆಗೆ ನಿಮ್ಮ ತಂದೆಯವರ ಒಪ್ಪಿಗೆ ಪತ್ರ ಲಗತ್ತಿಸಿದ್ದಾರೆಯೇ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಕಲು ಪಡೆಯಿರಿ. ಏಳು ವರ್ಷದ ಹಿಂದಿನ ತಂದೆಯವರ ಬ್ಯಾಂಕ್ ಖಾತೆಯ ವಿವರ, ಅವರು ಕೊಟ್ಟ ರಶೀದಿಗಳ ಪ್ರತಿಪತ್ರ ಸಿಕ್ಕರೆ ಅದನ್ನೂ ಜೋಡಿಸಿ. ಈ ಕಾಗದಗಳು ಕೈಗೆ ಬಂದ ಮೇಲೆ ನೋಟಿಸ್ ಬರೆಯಿಸಿ. ಆದರೆ ಅವುಗಳಿಗಾಗಿ ಒಂದು ತಿಂಗಳಿಗಿಂತ ಹೆಚ್ಚು ಕಾಯಬೇಡಿ.